ಪ್ರವಾಸದಲ್ಲಿ ನಕ್ಕೆ, ಮನೆಗೆ ಬಂದ ಮೇಲೆ ಅಳು ನಿಲ್ಲುತ್ತಿಲ್ಲ

ಪ್ರಶ್ನೆ: ಮೇಡಂ, ನಮ್ಮ ಮಗಳು ಮೂರು ವರ್ಷದ ಹಿಂದೆ ಕಾಯಿಲೆಯಿಂದ ತೀರಿಕೊಂಡಳು. ಆಗ ಅವಳಿಗೆ ಒಂಬತ್ತು ವರ್ಷ. ಈಗ ಎಂಟು ವರ್ಷದ ಮಗ ಇದ್ದಾನೆ. ಅವಳು ಹೋದ ಮೇಲೆ ನಾವು ಎಲ್ಲಿಗೂ ಹೋಗಿರಲಿಲ್ಲ. ಈ ಸಲ ನಮ್ಮನೆಯವರು ಹಟ ಹಿಡಿದು ಒಂದು ವಾರದ ಕ್ರೂಸ್‌ಗೆ ಕರೆದುಕೊಂಡು ಹೋದರು. ಹಡಗಿನಲ್ಲಿ ನಾನು ಚೆನ್ನಾಗಿಯೇ ಇದ್ದೆ. ನಕ್ಕೆ, ಒಳ್ಳೆ ನಿದ್ದೆ ಬಂತು. ಒಂದು ಸಂಜೆಯಂತೂ ಅವಳ ನೆನಪೇ ಆಗಲಿಲ್ಲ. ಊಟದ ಟೇಬಲ್‌ನಲ್ಲಿ ಒಬ್ಬರು ‘ಎಷ್ಟು ಮಕ್ಕಳು’ ಅಂತ ಕೇಳಿದರು. ‘ಒಬ್ಬನೇ ಮಗ’ ಅಂದುಬಿಟ್ಟೆ. ವಾಪಸ್ ಬಂದು ಮನೆ ಬಾಗಿಲು ತೆಗೆದಾಗಿನಿಂದ ಅಳು ನಿಂತಿಲ್ಲ. ಆರು ದಿನ ಆಯ್ತು. ಮಲಗಿದರೆ ಮಂಚ ತೂಗಿದ ಹಾಗೆ ಆಗುತ್ತದೆ. ನಮ್ಮನೆಯವರು ‘ಅಲ್ಲಿ ಚೆನ್ನಾಗಿದ್ಯಲ್ಲ, ಈಗೇನಾಯ್ತು’ ಅಂತಾರೆ. ಮಗ ಹಡಗಿನಿಂದ ಒಂದು ಪುಟ್ಟ ಡಾಲ್ಫಿನ್ ಗೊಂಬೆ ತಂದು ಅಕ್ಕನ ಮೇಜಿನ ಮೇಲಿಟ್ಟ. ಅದನ್ನು ನೋಡಿ ಜೋರಾಗಿ ಅತ್ತುಬಿಟ್ಟೆ. ಅವನು ಅದನ್ನು ತೆಗೆದು ಎಲ್ಲೋ ಬಚ್ಚಿಟ್ಟಿದ್ದಾನೆ. ನಾವು ಹೋಗಿದ್ದೇ ತಪ್ಪಾ? ನನಗೇನಾದರೂ ಕಾಯಿಲೆನಾ?

ಉತ್ತರ: ಮೊದಲು ಆ ಡಾಲ್ಫಿನ್ ಗೊಂಬೆಯ ವಿಷಯ. ಮಿಕ್ಕಿದ್ದನ್ನೆಲ್ಲ ನಿಧಾನವಾಗಿ ಓದಿ. ಇದು ಮಾತ್ರ ಇವತ್ತೇ ಆಗಬೇಕಾದ ಕೆಲಸ.

ನಿಮ್ಮ ಮಗ ಹಡಗಿನ ಅಂಗಡಿಯಲ್ಲಿ ನಿಂತು ಅಕ್ಕನಿಗೆ ಅಂತ ಒಂದು ಗೊಂಬೆ ಆರಿಸಿದ್ದಾನೆ. ಅದನ್ನು ಜೋಪಾನವಾಗಿ ಮನೆಯವರೆಗೆ ತಂದಿದ್ದಾನೆ. ಬಂದವನೇ ತಲುಪಬೇಕಾದ ಜಾಗಕ್ಕೆ ತಲುಪಿಸಿದ್ದಾನೆ. ಅಷ್ಟರಲ್ಲಿ ಅಮ್ಮ ಅತ್ತಳು. ಎಂಟು ವರ್ಷದ ಮಗುವಿನ ತಲೆಯಲ್ಲಿ ಲೆಕ್ಕ ಬಹಳ ಸರಳ. ನಾನು ಇಟ್ಟೆ, ಅಮ್ಮ ಅತ್ತಳು, ಹಾಗಾದರೆ ನಾನು ತಪ್ಪು ಮಾಡಿದೆ. ಅದಕ್ಕೇ ಬಚ್ಚಿಟ್ಟಿದ್ದಾನೆ. ಈಗ ಯಾರೂ ಏನೂ ಹೇಳದೆ ಬಿಟ್ಟರೆ ಅವನು ನಿಮ್ಮ ಮುಂದೆ ಅಕ್ಕನ ಹೆಸರನ್ನೇ ಎತ್ತದೆ ಹೋಗಬಹುದು. ಅಮ್ಮ ಅಳದ ಹಾಗೆ ನೋಡಿಕೊಳ್ಳುವುದು ತನ್ನ ಜವಾಬ್ದಾರಿ ಅಂದುಕೊಳ್ಳಬಹುದು. ಮಗುವನ್ನು ಕಳೆದುಕೊಂಡ ಮನೆಗಳಲ್ಲಿ ಉಳಿದ ಮಕ್ಕಳು ಈ ಜವಾಬ್ದಾರಿಯನ್ನು ಸದ್ದಿಲ್ಲದೆ ಹೊತ್ತುಕೊಳ್ಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ದೊಡ್ಡವರು ‘ಇವನು ಎಷ್ಟು ತಿಳಿವಳಿಕೆಯ ಹುಡುಗ’ ಅಂತ ಮೆಚ್ಚಿಕೊಳ್ಳುತ್ತಿರುತ್ತಾರೆ. ಆ ತಿಳಿವಳಿಕೆಯ ಹಿಂದೆ ಏನಿದೆ ಅಂತ ಗೊತ್ತಾಗುವಾಗ ತಡವಾಗಿರುತ್ತದೆ.

ಇವತ್ತು ಸಂಜೆ ಅವನ ಪಕ್ಕ ಕೂತು ಹೇಳಿ. ದೊಡ್ಡ ಮಾತೇನೂ ಬೇಡ. ‘ಅಕ್ಕನಿಗೆ ಡಾಲ್ಫಿನ್ ತಂದಿದ್ಯಲ್ಲ ಕಂದಾ, ನಂಗೆ ತುಂಬಾ ಇಷ್ಟ ಆಯ್ತು. ಅಕ್ಕನ ನೆನಪಾಗಿ ಅಳು ಬಂತು, ನೀನು ಏನೂ ತಪ್ಪು ಮಾಡಿಲ್ಲ. ಅದನ್ನ ಎಲ್ಲಿಡೋಣ, ನೀನೇ ಹೇಳು.’ ಇಷ್ಟು ಸಾಕು. ಅವನು ತಂದರೆ ಅವನೇ ಜಾಗ ಆರಿಸಲಿ. ಈಗ ಬೇಡ ಅಂದರೆ ಬಲವಂತ ಮಾಡಬೇಡಿ. ಹೇಳುವಾಗ ನಿಮ್ಮ ಕಣ್ಣು ತುಂಬಿದರೂ ಪರವಾಗಿಲ್ಲ. ಯಾಕೆ ಅಂತ ಗೊತ್ತಿರುವ ಅಳುವಿಗೆ ಮಕ್ಕಳು ಅಷ್ಟಾಗಿ ಹೆದರುವುದಿಲ್ಲ. ಯಾಕೆ ಅಂತ ಗೊತ್ತಾಗದಿದ್ದರೆ ಹೆದರುತ್ತಾರೆ.

ಮಾತು ಮುಗಿದ ಐದೇ ನಿಮಿಷಕ್ಕೆ ಅವನು ಎದ್ದು ಆಟಕ್ಕೆ ಓಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳು ದುಃಖಪಡುವ ರೀತಿಯೇ ಹಾಗೆ. ಸ್ವಲ್ಪ ಹೊತ್ತು ದುಃಖ, ಆಮೇಲೆ ಆಟ, ಮಧ್ಯದಲ್ಲೆಲ್ಲೋ ಮತ್ತೆ ಒಂದು ಪ್ರಶ್ನೆ. ಇನ್ನೊಂದು ಮಾತು. ಅಕ್ಕ ಹೋದಾಗ ಅವನಿಗೆ ಐದು ವರ್ಷ. ಸತ್ತವರು ಮತ್ತೆ ಬರುವುದೇ ಇಲ್ಲ ಅನ್ನುವುದು ಆ ವಯಸ್ಸಿನಲ್ಲಿ ಎಷ್ಟೋ ಮಕ್ಕಳಿಗೆ ಪೂರ್ತಿ ಅರ್ಥವಾಗಿರುವುದಿಲ್ಲ. ಏಳೆಂಟು ವರ್ಷಕ್ಕೆ ಅರ್ಥವಾಗುತ್ತದೆ. ಹಾಗಾಗಿ ಮೂರು ವರ್ಷದ ಹಿಂದಿನ ಸಾವಿನ ಬಗ್ಗೆ ಹೊಸ ಪ್ರಶ್ನೆಗಳು ಈಗ ಬರಬಹುದು. ಅವನ ಮಟ್ಟಿಗೆ ಅದು ಈಗಷ್ಟೇ ಗೊತ್ತಾಗುತ್ತಿರುವ ಸುದ್ದಿ. ಆಸ್ಪತ್ರೆಯಲ್ಲಿ ಏನಾಯ್ತು, ಅವಳಿಗೆ ನೋವಾಯ್ತಾ, ನಂಗೂ ಹಾಗಾಗುತ್ತಾ ಅಂತೆಲ್ಲ ಕೇಳಿದರೆ ನಿಜವನ್ನೇ ಹೇಳಿ, ಅವನ ವಯಸ್ಸಿಗೆ ತಕ್ಕ ಮಾತಿನಲ್ಲಿ.

ಈಗ ನಿಮ್ಮ ವಿಷಯ.

ಹೋಗಿದ್ದು ತಪ್ಪಲ್ಲ. ಅಲ್ಲಿ ನಕ್ಕಿದ್ದೂ ತಪ್ಪಲ್ಲ. ಅಲ್ಲಿನ ನಗು ನಿಜವೋ ಇಲ್ಲಿನ ಅಳು ನಿಜವೋ ಅಂತ ನೀವು ನಿಮ್ಮನ್ನೇ ವಿಚಾರಣೆ ಮಾಡಿಕೊಳ್ಳುತ್ತಿದ್ದೀರಿ ಅಂತ ಪತ್ರ ಓದಿದಾಗ ಅನ್ನಿಸಿತು. ಎರಡೂ ನಿಜ. ನಕ್ಕವಳೂ ಅವಳ ಅಮ್ಮನೇ, ಅಳುತ್ತಿರುವವಳೂ ಅವಳ ಅಮ್ಮನೇ.

ಹಡಗಿನಲ್ಲಿ ದಿನ ಹೇಗಿತ್ತು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ಕೈಗೊಂದು ಕಾರ್ಡ್ ಕೊಟ್ಟರು. ಕ್ಯಾಬಿನ್ ಬಾಗಿಲಿಗೂ ಅದೇ, ಅಂಗಡಿಗೂ ಅದೇ, ಹತ್ತಿ ಇಳಿಯುವುದಕ್ಕೂ ಅದೇ. ಅಡುಗೆ ಇಲ್ಲ, ಬಟ್ಟೆ ಒಗೆಯುವುದಿಲ್ಲ. ಅವಳ ಸ್ಕೂಲ್ ವ್ಯಾನ್ ಬರುತ್ತಿದ್ದ ಹೊತ್ತಿಗೆ ಕಿಟಕಿಯಾಚೆ ಬರೀ ನೀರು. ಅವಳು ಕೂರುತ್ತಿದ್ದ ಕುರ್ಚಿ ಅಲ್ಲಿರಲಿಲ್ಲ. ಅವಳ ಗೆಳತಿ ಎಷ್ಟು ಉದ್ದ ಆಗಿದ್ದಾಳೆ ಅಂತ ಲಿಫ್ಟಿನಲ್ಲಿ ನೋಡಬೇಕಾದ ಕಷ್ಟ ಇರಲಿಲ್ಲ. ಸಮುದ್ರದ ಮಧ್ಯೆ ಇಂಟರ್ನೆಟ್‌ಗೆ ಸಾಮಾನ್ಯವಾಗಿ ಬೇರೆ ದುಡ್ಡು. ಅದಕ್ಕೇ ಎಷ್ಟೋ ಜನ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿಬಿಡುತ್ತಾರೆ. ‘ನಾಲ್ಕು ವರ್ಷದ ಹಿಂದೆ ಇದೇ ದಿನ’ ಅಂತ ಹಳೇ ಫೋಟೊ ಎತ್ತಿ ತೋರಿಸುವ ಆಪ್ ಕೂಡ ಬಾಯಿ ಮುಚ್ಚಿಕೊಂಡಿತ್ತು.

ನೆನಪು ತಲೆಯೊಳಗೆ ಮಾತ್ರ ಕೂತಿರುವುದಿಲ್ಲ. ಜಾಗಕ್ಕೆ ಅಂಟಿಕೊಂಡಿರುತ್ತದೆ, ಹೊತ್ತಿಗೆ ಅಂಟಿಕೊಂಡಿರುತ್ತದೆ. ನಾಲ್ಕು ತಟ್ಟೆ ತೆಗೆದು ಒಂದನ್ನು ವಾಪಸ್ ಇಡುವ ಕೈಗೆ ಅಂಟಿಕೊಂಡಿರುತ್ತದೆ. ಮನೆಯಲ್ಲಿ ಇಂಥ ನೂರು ವಿಷಯ ಇರುತ್ತವೆ. ಮೂರು ವರ್ಷದಲ್ಲಿ ನೀವು ಒಂದೊಂದಕ್ಕೂ ಹೊಂದಿಕೊಂಡಿದ್ದೀರಿ. ಹೊಂದಿಕೊಂಡಿದ್ದೀರಿ ಅನ್ನುವುದೂ ನಿಮಗೆ ಗೊತ್ತಾಗದಷ್ಟು ನಿಧಾನವಾಗಿ. ವಾರದ ಮಟ್ಟಿಗೆ ಆ ಕೆಲಸಕ್ಕೆ ರಜೆ ಸಿಕ್ಕಿತು. ಮತ್ತೆ ಬಾಗಿಲು ತೆಗೆದಾಗ ನೂರೂ ಒಟ್ಟಿಗೆ ಎದುರಿಗೆ ಬಂದವು.

ಅದರಲ್ಲೂ ವಾಸನೆ. ಪ್ರತಿ ಮನೆಗೂ ಅದರದೇ ಒಂದು ವಾಸನೆ ಇರುತ್ತದೆ. ದಿನಾ ಅಲ್ಲೇ ಇರುವವರ ಮೂಗಿಗೆ ಅದು ಗೊತ್ತಾಗುವುದಿಲ್ಲ. ಮೂಗು ಅಭ್ಯಾಸ ಮಾಡಿಕೊಂಡು ಸುಮ್ಮನಾಗಿರುತ್ತದೆ. ಒಂದು ವಾರ ಬಿಟ್ಟು ಬಂದು, ಮುಚ್ಚಿದ್ದ ಬಾಗಿಲು ತೆಗೆದರೆ ಅದೇ ವಾಸನೆ ಹೊಸದಾಗಿ ಬಡಿಯುತ್ತದೆ. ಅವಳು ಇದ್ದಾಗ ಇದ್ದ ಮನೆಯ ವಾಸನೆ. ನೀವು ಒಳಗೆ ಕಾಲಿಡುವ ಮೊದಲೇ ಅಳು ಬಂತಲ್ಲ, ಅದರಲ್ಲಿ ಇದರ ಪಾಲೂ ಇರಬಹುದು. ಮತ್ತೆ ಮೊದಲ ವರ್ಷಕ್ಕೇ ಹೋಗಿಬಿಟ್ಟೆನಾ ಅಂತ ಹೆದರಬೇಡಿ. ನೀವು ಹಿಂದಕ್ಕೆ ಹೋಗಿಲ್ಲ. ಒಂದೇ ದಿನದಲ್ಲಿ ತುಂಬಾ ನೆನಪುಗಳ ಮುಂದೆ ನಿಂತಿರಿ, ಅಷ್ಟೇ.

ಹೀಗೆ ಅತ್ತ ಇತ್ತ ಹೋಗುವುದು ದುಃಖದ ಸಹಜ ನಡೆ ಅಂತ ಮನಃಶಾಸ್ತ್ರ ಈಗ ಒಪ್ಪುತ್ತದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ಇದನ್ನು ಡ್ಯುಯಲ್ ಪ್ರೋಸೆಸ್ ಮಾಡೆಲ್ ಅಂತ ವಿವರಿಸಿದರು. ದುಃಖದಲ್ಲಿರುವವರು ಸ್ವಲ್ಪ ಹೊತ್ತು ಹೋದವರ ಕಡೆ ಮುಖ ಮಾಡುತ್ತಾರೆ. ಅಳು, ಹಂಬಲ, ಫೋಟೊ, ನೆನಪು. ಸ್ವಲ್ಪ ಹೊತ್ತು ಬದುಕಿನ ಕಡೆ ಮುಖ ಮಾಡುತ್ತಾರೆ. ಕೆಲಸ, ಮಕ್ಕಳು, ಹೊಸ ಜಾಗ, ದುಃಖದಿಂದ ಒಂದಿಷ್ಟು ಬಿಡುವು. ಇಡೀ ಹೊತ್ತು ಒಂದೇ ಕಡೆ ನಿಂತರೆ ಮನುಷ್ಯ ಕುಸಿಯುತ್ತಾನೆ. ಬಿಡುವು ತೆಗೆದುಕೊಳ್ಳುವುದೂ ದುಃಖವನ್ನು ನಿಭಾಯಿಸುವ ಕೆಲಸದಲ್ಲೇ ಸೇರಿದೆ ಅನ್ನುವುದು ಅವರ ಮುಖ್ಯ ಮಾತು. ನಿಮಗೆ ಈ ಸಲ ಒಂದು ವಾರ ಪೂರ್ತಿ ಬಿಡುವಾಯ್ತು. ಅದಕ್ಕೇ ವಾಪಸ್ ತಿರುಗುವುದು ಇಷ್ಟು ಜೋರಾಗಿ ಆಯ್ತು.

ಎಲ್ಲರಿಗೂ ಹೀಗೇ ಆಗಬೇಕು ಅಂತಿಲ್ಲ. ಕೆಲವರು ಹಡಗಿನಲ್ಲೇ ಅಳುತ್ತಾರೆ. ಒಬ್ಬ ತಾಯಿ ನನ್ನ ಹತ್ತಿರ ಹೇಳಿಕೊಂಡಿದ್ದರು. ಇಡೀ ದಿನ ಆರಾಮಾಗಿದ್ದರಂತೆ. ರಾತ್ರಿ ಕ್ಯಾಬಿನ್‌ಗೆ ಬಂದರೆ, ಸಿಬ್ಬಂದಿ ಟವೆಲ್ ಮಡಚಿ ಹಾಸಿಗೆ ಮೇಲೆ ಒಂದು ಆನೆ ಮಾಡಿಟ್ಟಿದ್ದರು. ಮೇಲೊಂದು ಕಪ್ಪು ಕನ್ನಡಕ ಬೇರೆ. ‘ಅಯ್ಯೋ ಇದನ್ನ ಅವನಿಗೆ ತೋರಿಸಬೇಕು’ ಅಂತ ಕೈ ಫೋನಿನ ಕಡೆ ಹೋಯ್ತಂತೆ. ಮಗ ಹೋಗಿ ಆರು ವರ್ಷವಾಗಿತ್ತು. ಕೈಗೆ ಇನ್ನೂ ಗೊತ್ತಿರಲಿಲ್ಲ.

ಪ್ರವಾಸದ ಖುಷಿ ಬೇಗ ಇಳಿದುಹೋಗುವುದು ದುಃಖ ಇಲ್ಲದವರಿಗೂ ಆಗುವಂಥದ್ದೇ. ನೆದರ್ಲೆಂಡ್ಸ್‌ನಲ್ಲಿ ಯೆರೂನ್ ನಾವೈನ್ ಮತ್ತು ಸಂಗಡಿಗರು 1,530 ಜನರನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಪ್ರವಾಸಕ್ಕೆ ಹೊರಡುವ ಮುಂಚೆ ಜನ ಜಾಸ್ತಿ ಖುಷಿಯಾಗಿದ್ದರು. ವಾಪಸ್ ಬಂದ ಮೇಲೆ, ತುಂಬಾ ಆರಾಮವಾಗಿ ಕಳೆದವರನ್ನು ಬಿಟ್ಟರೆ, ಹೋದವರಿಗೂ ಹೋಗದವರಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಹೋಗುವಾಗ ‘ಇದರಿಂದ ಮನಸ್ಸು ಸರಿಹೋಗುತ್ತೆ’ ಅಂತ ಯಾರಾದರೂ ನಿಮಗೆ ಹೇಳಿದ್ದರೆ, ಆ ಭಾರವನ್ನು ಪ್ರವಾಸದ ಮೇಲೆ ಹೊರಿಸಿದ್ದು ಅನ್ಯಾಯ. ಒಂದು ವಾರ ನಿದ್ದೆ ಬಂತು, ಮಗ ಅಮ್ಮನ ನಗು ನೋಡಿದ. ಅದೇ ದೊಡ್ಡದು.

ಆ ಒಂದು ಸಂಜೆಯ ಮರೆವಿಗೆ ಬರುತ್ತೇನೆ. ಅದೇ ನಿಮ್ಮನ್ನು ಜಾಸ್ತಿ ಚುಚ್ಚುತ್ತಿದೆ ಅಲ್ವಾ?

ನೆನಪನ್ನು ಹಿಡಿದಿಟ್ಟುಕೊಂಡಿದ್ದರೆ ಮಾತ್ರ ಮಗಳು ನಮ್ಮವಳಾಗಿ ಉಳಿಯುತ್ತಾಳೆ, ಸ್ವಲ್ಪ ಕೈ ಸಡಿಲಿಸಿದರೂ ಜಾರಿಹೋಗುತ್ತಾಳೆ ಅನ್ನುವ ಭಯ ಮಗು ಕಳೆದುಕೊಂಡ ಹೆಚ್ಚಿನ ತಾಯಂದಿರಿಗೆ ಇರುತ್ತದೆ. ಇದರ ಬಗ್ಗೆ ಮನೋವಿಶ್ಲೇಷಣೆಯನ್ನು ಶುರು ಮಾಡಿದ ಸಿಗ್ಮಂಡ್ ಫ್ರಾಯ್ಡ್ ಅವರದೇ ಬದುಕು ಒಂದು ಪಾಠ. 1917ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಅವರು, ಹೋದವರಿಂದ ಮನಸ್ಸನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಅನ್ನುವ ಅರ್ಥದಲ್ಲಿ ಬರೆದಿದ್ದರು. 1920ರಲ್ಲಿ ಅವರ ಮಗಳು ಸೋಫಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡಳು. 1929ರಲ್ಲಿ ಅವರ ಗೆಳೆಯ ಲುಡ್ವಿಗ್ ಬಿನ್ಸ್‌ವಾಂಗರ್ ಮಗನನ್ನು ಕಳೆದುಕೊಂಡಾಗ ಫ್ರಾಯ್ಡ್ ಒಂದು ಪತ್ರ ಬರೆದರು. ಇದ್ದಿದ್ದರೆ ತನ್ನ ಮಗಳಿಗೆ ಇವತ್ತು 36 ತುಂಬುತ್ತಿತ್ತು ಅಂದರು. ದುಃಖದ ತೀವ್ರತೆ ಇಳಿಯುತ್ತದೆ, ಆದರೆ ಸಮಾಧಾನ ಅಂತ ಆಗುವುದಿಲ್ಲ, ಆ ಜಾಗವನ್ನು ಇನ್ನೊಂದು ತುಂಬುವುದಿಲ್ಲ, ಹಾಗಿರುವುದೇ ಸರಿ ಅನ್ನುವ ಅರ್ಥದ ಮಾತು ಆ ಪತ್ರದಲ್ಲಿದೆ. ಒಂಬತ್ತು ವರ್ಷ ಕಳೆದರೂ ಆ ಅಪ್ಪ ಮಗಳ ವಯಸ್ಸನ್ನು ಎಣಿಸುತ್ತಲೇ ಇದ್ದರು. ನಿಮ್ಮ ಮಗಳಿಗೆ ಈಗ ಹನ್ನೆರಡು ಅಂತ ನೀವು ಬರೆದಿಲ್ಲ. ಆದರೆ ಎಣಿಸಿರುತ್ತೀರಿ ಅಂತ ನನಗೆ ಗೊತ್ತು.

ಆ ಮಧ್ಯದ ವರ್ಷಗಳಲ್ಲಿ ಫ್ರಾಯ್ಡ್ ಕೆಲಸ ಮಾಡಿದರು, ಬರೆದರು, ಮಗಳ ನೆನಪಾಗದ ಸಂಜೆಗಳೂ ಅವರಿಗೆ ಖಂಡಿತ ಇದ್ದಿರಬೇಕು. ಸಂಬಂಧ ಹೋಗಲಿಲ್ಲ. 1996ರಲ್ಲಿ ಶೋಕದ ಬಗ್ಗೆ ಅಧ್ಯಯನ ಮಾಡಿದ ಡೆನ್ನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್ ಈ ವಿಷಯವನ್ನು ಗಟ್ಟಿಯಾಗಿ ಮುಂದಿಟ್ಟರು. ಅವರಲ್ಲಿ ಕ್ಲಾಸ್ ಅವರು ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಹೋದವರ ಜೊತೆಗಿನ ಸಂಬಂಧ ಮುಗಿಯಬೇಕಾಗಿಲ್ಲ, ರೂಪ ಬದಲಿಸಿ ಮುಂದುವರಿಯುತ್ತದೆ, ಅದು ರೋಗವೇನಲ್ಲ ಅಂತ ಅವರು ಹೇಳಿದರು. ನಿಮ್ಮ ಮಗನನ್ನೂ ನೀವು ಹಡಗಿನಲ್ಲಿ ಒಂದೆರಡು ಗಂಟೆ ಮಕ್ಕಳ ಕ್ಲಬ್ಬಿಗೆ ಬಿಟ್ಟು ಮರೆತಿದ್ದಿರಬಹುದು. ಅದರಿಂದ ಅವನು ನಿಮ್ಮ ಮಗನಾಗಿರುವುದೇನೂ ಕಡಿಮೆಯಾಗಲಿಲ್ಲ. ಅವಳ ವಿಷಯದಲ್ಲಿ ಮಾತ್ರ ಯಾಕೆ ಬೇರೆ ಕಾನೂನು?

‘ಒಬ್ಬನೇ ಮಗ’ ಅಂದಿದ್ದು. ಪರಿಚಯವಿಲ್ಲದವರ ಜೊತೆ ಕೂತು ಉಣ್ಣುವ ಟೇಬಲ್‌ನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಮಗು ಕಳೆದುಕೊಂಡವರಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ. ಇಬ್ಬರು ಅಂದರೆ ಮುಂದಿನ ಪ್ರಶ್ನೆ ‘ಇನ್ನೊಬ್ಬರು ಎಲ್ಲಿ’. ನಿಜ ಹೇಳಿದರೆ ಟೇಬಲ್ಲೇ ಮೌನ. ಎದುರಿನವರ ಮುಖ ಬಾಡುತ್ತದೆ, ಆಮೇಲೆ ನೀವೇ ಅವರಿಗೆ ಸಮಾಧಾನ ಹೇಳಬೇಕು. ಒಬ್ಬನೇ ಅಂದರೆ ರಾತ್ರಿ ನಿದ್ದೆ ಬರುವುದಿಲ್ಲ. ಉತ್ತರ ಕೊಡಲು ಸಿಕ್ಕಿದ್ದು ಎರಡು ಸೆಕೆಂಡ್. ಆ ಎರಡು ಸೆಕೆಂಡಿನಲ್ಲಿ ನೀವು ಮಗಳನ್ನು ಅಲ್ಲಗಳೆಯಲಿಲ್ಲ. ಮತ್ತೆಂದೂ ನೋಡದ ಜನರ ಕೈಗೆ ಅವಳ ವಿಷಯ ಕೊಡುವುದು ಬೇಡ ಅಂತ ತೀರ್ಮಾನ ಮಾಡಿದಿರಿ. ಅವಳ ಬಗ್ಗೆ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅನ್ನುವುದು ನಿಮ್ಮ ಹಕ್ಕು.

ಆದರೂ ಮನಸ್ಸಿಗೆ ಕಷ್ಟವಾಗಿದೆ, ಹಾಗಾಗಿ ಮುಂದಿನ ಸಲಕ್ಕೆ ಒಂದು ಮಾತು ಮೊದಲೇ ತಯಾರಿಟ್ಟುಕೊಳ್ಳಿ. ‘ಇಬ್ಬರು. ಮಗಳು ಈಗ ನಮ್ಮ ಜೊತೆ ಇಲ್ಲ. ಇವನು ಎರಡನೆಯವನು.’ ಹೇಳಿ, ಉಸಿರು ಬಿಡದೆ ನೀವೇ ಅವರನ್ನು ಏನಾದರೂ ಕೇಳಿಬಿಡಿ. ಹೇಳುವ ಮನಸ್ಸಿಲ್ಲದ ದಿನ ‘ಈ ಪ್ರವಾಸಕ್ಕೆ ಮಗನ ಜೊತೆ ಬಂದಿದ್ದೀವಿ’ ಅನ್ನಿ. ಅದು ಸುಳ್ಳೂ ಅಲ್ಲ, ಪೂರ್ತಿ ಕಥೆಯೂ ಅಲ್ಲ. ಕನ್ನಡಿ ಮುಂದೆ ನಿಂತು ಒಂದೆರಡು ಸಲ ಜೋರಾಗಿ ಹೇಳಿ ನೋಡಿ. ವಿಚಿತ್ರ ಅನ್ನಿಸುತ್ತದೆ, ಆದರೆ ಬಾಯಿಗೆ ಬಂದಿದ್ದರೆ ಗಂಟಲು ಕಟ್ಟುವುದು ಕಡಿಮೆ. ಇನ್ನೊಂದು. ಆ ಮಾತು ಆಡಿದಾಗ ಮಗ ಪಕ್ಕದಲ್ಲಿದ್ದನಾ ಅಂತ ನೀವು ಬರೆದಿಲ್ಲ. ಇದ್ದಿದ್ದರೆ ಅವನು ಕೇಳಿಸಿಕೊಂಡಿರುತ್ತಾನೆ. ‘ಅವತ್ತು ಗೊತ್ತಿಲ್ಲದವರಿಗೆ ಅಕ್ಕನ ವಿಷಯ ಹೇಳೋಕೆ ನಂಗೆ ಕಷ್ಟ ಆಯ್ತು, ಅದಕ್ಕೆ ಹಾಗಂದೆ’ ಅಂತ ಅವನಿಗೂ ಒಂದು ಸಲ ಹೇಳಿಬಿಡಿ.

ಮಂಚ ತೂಗುವುದು ಬೇರೆಯೇ ವಿಷಯ. ಇದಕ್ಕೂ ದುಃಖಕ್ಕೂ ನೇರ ಸಂಬಂಧ ಇಲ್ಲದಿರಬಹುದು. ಹಡಗಿನ ಓಲಾಟಕ್ಕೆ ಕಿವಿಯೊಳಗಿನ ಸಮತೋಲನದ ಅಂಗ ಮತ್ತು ಮೆದುಳು ಹೊಂದಿಕೊಂಡಿರುತ್ತವೆ. ನೆಲಕ್ಕೆ ಇಳಿದ ಮೇಲೂ ಮೆದುಳು ಸ್ವಲ್ಪ ಕಾಲ ಹಡಗಿನಲ್ಲೇ ಇರುತ್ತದೆ. ವೈದ್ಯರು ಇದನ್ನು ಮಾಲ್ ದ ದೆಬಾರ್ಕ್‌ಮಾಂ ಅನ್ನುತ್ತಾರೆ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಹೋಗುತ್ತದೆ, ಕೆಲವರಿಗೆ ಇನ್ನಷ್ಟು ದಿನ ಹಿಡಿಯುತ್ತದೆ. ಕಾರಿನಲ್ಲಿ ಹೋಗುವಾಗ ಆರಾಮಾಗಿ, ಸುಮ್ಮನೆ ಕೂತಾಗ ಅಥವಾ ಮಲಗಿದಾಗ ಮತ್ತೆ ಶುರುವಾದರೆ ಬಹುಶಃ ಇದೇ. ಹಗಲು ಚೆನ್ನಾಗಿ ಓಡಾಡಿ, ನಿದ್ದೆಗೆಡಬೇಡಿ. ತಿಂಗಳು ಕಳೆದರೂ ಹೋಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನೋ ನರರೋಗ ತಜ್ಞರನ್ನೋ ನೋಡಿ. ಅದಕ್ಕೂ ಮೊದಲೇ ತಲೆ ಗಿರಗಿರ ತಿರುಗಿದರೆ, ಕಿವಿ ಕೇಳಿಸದಿದ್ದರೆ, ಮಾತು ತೊದಲಿದರೆ ಕಾಯಬೇಡಿ. ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ಕಾಲಡಿಯ ನೆಲವೇ ಅಲ್ಲಾಡುತ್ತಿದೆ ಅನ್ನಿಸಿದಾಗ ದುಃಖದಲ್ಲಿರುವವರು ‘ನನ್ನ ತಲೆ ಕೆಡ್ತಿದೆ’ ಅಂದುಕೊಳ್ಳುತ್ತಾರೆ. ನಿಮ್ಮ ತಲೆ ಕೆಟ್ಟಿಲ್ಲ.

ನಿಮ್ಮ ಯಜಮಾನರ ಮಾತಿಗೆ ಬರೋಣ. ‘ಅಲ್ಲಿ ಚೆನ್ನಾಗಿದ್ಯಲ್ಲ’ ಅನ್ನುವುದು ಕೇಳೋಕೆ ಆರೋಪದ ಹಾಗಿದೆ. ಆದರೆ ಅದರೊಳಗೆ ಭಯ ಇದೆ ಅಂತ ನನಗನ್ನಿಸುತ್ತದೆ. ಮೂರು ವರ್ಷದ ಮೇಲೆ ಹೆಂಡತಿ ನಕ್ಕಿದ್ದನ್ನು ಅವರು ನೋಡಿದರು. ಸಿಕ್ಕಿದ್ದು ಮತ್ತೆ ಕೈತಪ್ಪಿ ಹೋಯ್ತಲ್ಲ ಅಂತ ಹೆದರಿದ್ದಾರೆ. ಹಟ ಹಿಡಿದು ಟಿಕೆಟ್ ಮಾಡಿಸಿದ್ದು ಅವರ ದುಃಖದ ರೀತಿಯೂ ಇರಬಹುದು. ಕೆಲವರು ಅತ್ತು ದುಃಖ ಪಡುತ್ತಾರೆ, ಕೆಲವರು ಏನಾದರೂ ಮಾಡಿ ದುಃಖ ಪಡುತ್ತಾರೆ. ಇದು ಗಂಡಸರು ಹೆಂಗಸರು ಅಂತ ನೀಟಾಗಿ ಭಾಗವಾಗುವುದಿಲ್ಲ, ಆದರೆ ಒಂದೇ ಮನೆಯಲ್ಲಿ ಎರಡು ರೀತಿ ಇದ್ದರೆ ಇಬ್ಬರಿಗೂ ‘ಇವರಿಗೆ ಮಗು ನೆನಪೇ ಇಲ್ಲ’, ‘ಇವಳು ಮುಂದೆ ಬರೋದೇ ಇಲ್ಲ’ ಅನ್ನಿಸತೊಡಗುತ್ತದೆ. ಅವರಿಗೆ ಒಂದೇ ಒಂದು ಪ್ರಶ್ನೆ ಕೇಳಿ. ‘ಹಡಗಿನಲ್ಲಿ ನಿಮಗೆ ಅವಳು ಯಾವಾಗ ನೆನಪಾದಳು?’ ಯಾವಾಗ ಅಂತ ಕೇಳಿ. ನೆನಪಾದಳಾ ಅಂತ ಕೇಳಬೇಡಿ. ನೀವು ಊಹಿಸದ ಉತ್ತರ ಬರಬಹುದು. ಮಗು ಹೋದ ಮೇಲೆ ಹೆಚ್ಚಿನ ದಾಂಪತ್ಯಗಳು ಮುರಿದೇ ಹೋಗುತ್ತವೆ ಅನ್ನುವ ಮಾತು ಅಲ್ಲಲ್ಲಿ ಕೇಳಿರುತ್ತೀರಿ. ಅದು ನಿಜವಲ್ಲ. ಮಕ್ಕಳನ್ನು ಕಳೆದುಕೊಂಡವರ ‘ದಿ ಕಂಪ್ಯಾಷನೇಟ್ ಫ್ರೆಂಡ್ಸ್’ ಸಂಸ್ಥೆ ಅಮೆರಿಕದಲ್ಲಿ 2006ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಿಚ್ಛೇದನ ಆದವರು ಶೇ. 16ರಷ್ಟು ಮಾತ್ರ.

ಆ ಸಂಸ್ಥೆ ಶುರುವಾದದ್ದು 1969ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರು, ಜೊತೆಗೆ ಆಸ್ಪತ್ರೆಯ ಒಬ್ಬ ಯುವ ಪಾದ್ರಿ ಸೇರಿ ಕಟ್ಟಿದ್ದು. ವೈದ್ಯರು ಸಮಾಧಾನ ಹೇಳುವುದಕ್ಕಿಂತ ಅದೇ ನೋವು ಉಂಡ ಇನ್ನೊಬ್ಬ ತಾಯಿ ಪಕ್ಕದಲ್ಲಿ ಕೂತಾಗ ಆಗುವ ವ್ಯತ್ಯಾಸವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡಿಸೆಂಬರ್‌ನ ಎರಡನೇ ಭಾನುವಾರ, ಅವರವರ ಊರಿನ ಸಮಯ ರಾತ್ರಿ 7 ಗಂಟೆಗೆ, ಹೋದ ಮಕ್ಕಳ ನೆನಪಿಗೆ ಒಂದು ದೀಪ ಹಚ್ಚುವ ರೂಢಿಯನ್ನೂ ಈ ಸಂಸ್ಥೆ ಬೆಳೆಸಿದೆ. ನಿಮ್ಮ ಮನೆಯಲ್ಲಿ ಮೂವರೂ ಸೇರಿ ಮಾಡಬಹುದಾದ ಕೆಲಸ ಅದು. ನೆನಪಿಗೆ ಒಂದು ಹೊತ್ತು ಗೊತ್ತು ಮಾಡಿದರೆ ಉಳಿದ ಹೊತ್ತಿನಲ್ಲಿ ನಗುವುದು ಸ್ವಲ್ಪ ಸುಲಭವಾಗುತ್ತದೆ.

‘ಕಾಯಿಲೆನಾ’ ಅಂತ ಕೇಳಿದ್ದೀರಿ. ಪತ್ರ ನೋಡಿ ಖಚಿತವಾಗಿ ಹೇಳುವುದು ಸರಿಯಲ್ಲ, ಆದರೆ ನೀವು ಬರೆದಿದ್ದರಲ್ಲಿ ಕಾಯಿಲೆಯ ಲಕ್ಷಣ ಕಾಣಲಿಲ್ಲ. ದೀರ್ಘಕಾಲದ ಶೋಕ ಅನ್ನುವುದು ಈಗ ವೈದ್ಯಕೀಯವಾಗಿ ಗುರುತಿಸಿದ ಸ್ಥಿತಿ. ಅಮೆರಿಕದ ಮನೋವೈದ್ಯರ ಸಂಘ ಅದನ್ನು 2022ರಲ್ಲಿ ತನ್ನ ಕೈಪಿಡಿಗೆ ಸೇರಿಸಿತು. ಅದರ ಪ್ರಕಾರ ದೊಡ್ಡವರಲ್ಲಿ ಸಾವಾಗಿ ಕನಿಷ್ಠ 12 ತಿಂಗಳು ಕಳೆದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಕನಿಷ್ಠ 6 ತಿಂಗಳು ಅನ್ನುತ್ತದೆ. ಬರೀ ತಿಂಗಳ ಲೆಕ್ಕ ಅಲ್ಲ. ಹೆಚ್ಚು ಕಡಿಮೆ ದಿನಾ ಬಿಡದ ಹಂಬಲ ಇರಬೇಕು. ಅದರ ಜೊತೆ ಸಾವನ್ನು ನಂಬಲಾಗದಿರುವುದು, ನನ್ನ ಒಂದು ಭಾಗವೇ ಸತ್ತಿತು ಅನ್ನಿಸುವುದು, ಬದುಕಿಗೆ ಅರ್ಥವೇ ಇಲ್ಲ ಅನ್ನಿಸುವುದು, ಎಲ್ಲ ಭಾವನೆಯೂ ಮರಗಟ್ಟುವುದು ಇಂಥ ಕೆಲವಾದರೂ ಇರಬೇಕು. ದಿನದ ಬದುಕು ನಡೆಸಲಾಗದಷ್ಟು ಜೋರಾಗಿರಬೇಕು. ನೀವು ನಕ್ಕಿದ್ದೀರಿ, ನಿದ್ದೆ ಮಾಡಿದ್ದೀರಿ, ಮಗನ ಮನಸ್ಸಿಗೆ ನೋವಾಯ್ತಲ್ಲ ಅಂತ ಗಮನಿಸಿ ಬರೆದಿದ್ದೀರಿ. ಆರು ದಿನದ ಅಳು ಇದಕ್ಕೆ ಸೇರುವುದಿಲ್ಲ.

ಆದರೂ ಇನ್ನು ಎರಡು ಮೂರು ವಾರ ನೋಡಿ. ಅಳು ಸ್ವಲ್ಪವೂ ಇಳಿಯದಿದ್ದರೆ, ಊಟ ನಿದ್ದೆ ಕೆಟ್ಟರೆ, ಅವಳ ಕೋಣೆಯ ಹತ್ತಿರ ಹೋಗಲೇ ಆಗದಿದ್ದರೆ ಅಥವಾ ಅಲ್ಲಿಂದ ಹೊರಗೆ ಬರಲೇ ಆಗದಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಇದಕ್ಕೆ ಅಂತಲೇ ಚಿಕಿತ್ಸೆ ಇದೆ. ಅಮೆರಿಕದ ಮನೋವೈದ್ಯೆ ಕ್ಯಾಥರೀನ್ ಶಿಯರ್ ಅವರ ತಂಡ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೀವ್ರ ಶೋಕಕ್ಕೆ ಅಂತಲೇ ರೂಪಿಸಿದ ಚಿಕಿತ್ಸೆ ಪಡೆದವರಲ್ಲಿ ಶೇ. 51 ಜನ ಸುಧಾರಿಸಿದರು. ಖಿನ್ನತೆಗೆ ಬಳಸುವ ಇನ್ನೊಂದು ರೀತಿಯ ಮಾತಿನ ಚಿಕಿತ್ಸೆ ಪಡೆದವರಲ್ಲಿ ಅದು ಶೇ. 28. ಅಂದರೆ ಯಾರ ಹತ್ತಿರ ಹೋಗುತ್ತೀರಿ, ಅವರಿಗೆ ಶೋಕದ ಚಿಕಿತ್ಸೆ ಗೊತ್ತಾ ಅಂತ ಕೇಳುವುದು ಮುಖ್ಯ. ಸುಮ್ನೆ ನಿದ್ದೆ ಮಾತ್ರೆ ಬರೆಸಿಕೊಂಡು ಬರಬೇಡಿ. ‘ನಾನೂ ಅವಳ ಹತ್ತಿರ ಹೋಗಿಬಿಡ್ತೀನಿ’ ಅನ್ನುವ ಯೋಚನೆ ಬಂದರೆ, ಹೇಗೆ ಅಂತ ಮನಸ್ಸು ದಾರಿ ಹುಡುಕಲು ಶುರು ಮಾಡಿದರೆ, ವಾರ ಕಾಯುವ ಮಾತೇ ಇಲ್ಲ. ಅದೇ ಗಳಿಗೆಯಲ್ಲಿ ಮನೆಯವರಿಗೆ ಹೇಳಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಪ್ರವಾಸದ ಫೋಟೊ ಏನು ಮಾಡುವುದು ಅಂತ ನೀವು ಕೇಳಿಲ್ಲ. ಕೇಳುವ ದಿನ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಅಳಿಸಬೇಡಿ. ಮೂವರ ಫೋಟೊ ನೋಡಲು ಈಗ ಕಷ್ಟವಾದರೆ ಬೇರೆ ಫೋಲ್ಡರ್‌ಗೆ ಹಾಕಿ, ಕಣ್ಣಿಗೆ ಬೀಳದ ಹಾಗೆ ಇಡಿ. ನಿಮ್ಮ ಮಗನಿಗೆ ಅದು ಅಮ್ಮ ಅಪ್ಪನ ಜೊತೆ ಹಡಗಿನಲ್ಲಿ ಹೋದ ವಾರ. ಅವನ ಬಾಲ್ಯದ ಫೋಟೊಗಳು ಅವನಿಗೆ ಬೇಕು. ಸೂಟ್‌ಕೇಸ್ ಇನ್ನೂ ಹಾಗೇ ಬಿದ್ದಿದ್ದರೆ ಬೀಳಲಿ, ಒಗೆಯುವ ಬಟ್ಟೆ ಮಾತ್ರ ತೆಗೆದರೆ ಸಾಕು.

ಇನ್ನೊಂದು ಸಲ ಹೋಗಬಹುದಾ ಅಂತ ಕೇಳಿದರೆ, ಖಂಡಿತ ಹೋಗಿ. ಹೋಗುವುದನ್ನು ಎಲ್ಲರೂ ಚೆನ್ನಾಗಿ ಯೋಜನೆ ಮಾಡುತ್ತಾರೆ, ಬರುವುದನ್ನು ಯಾರೂ ಮಾಡುವುದಿಲ್ಲ. ಕ್ರೂಸ್‌ನಲ್ಲಿ ವಾಪಸ್ ಬರುವುದು ಇನ್ನೂ ಗಡಿಬಿಡಿ. ಕೊನೆಯ ರಾತ್ರಿ ಸೂಟ್‌ಕೇಸಿಗೆ ಬಣ್ಣದ ಟ್ಯಾಗ್ ಕಟ್ಟಿ ಕ್ಯಾಬಿನ್ ಹೊರಗಿಡಬೇಕು, ಬೆಳಗ್ಗೆ ನಿಮ್ಮ ಬಣ್ಣ ಕರೆದಾಗ ಇಳಿಯಬೇಕು, ಮಧ್ಯಾಹ್ನದೊಳಗೆ ರಜೆ ಮುಗಿದೇ ಹೋಗಿರುತ್ತದೆ. ಹಾಗಾಗಿ ಬಂದ ಮರುದಿನ ಇಬ್ಬರೂ ಕೆಲಸಕ್ಕೆ ರಜೆ ಹಾಕಿ. ಆಗುವುದಾದರೆ ಎರಡು ದಿನ. ಅಕ್ಕನೋ ತಂಗಿಯೋ ಹತ್ತಿರದವರು ಯಾರಾದರೂ ಇದ್ದರೆ, ನೀವು ಬರುವ ಮುಂಚೆ ಮನೆ ಬಾಗಿಲು ತೆಗೆದು, ಕಿಟಕಿ ತೆರೆದು, ಒಂದು ಲೈಟ್ ಹಾಕಿಡಲು ಹೇಳಿ. ಮುಚ್ಚಿದ ಮನೆಗೆ ಬರಬೇಡಿ. ಬಂದ ಮೇಲೆ ಅವಳ ಕೋಣೆಗೆ ಯಾವಾಗ ಹೋಗುವುದು ಅಂತ ಹಡಗಿನಲ್ಲೇ ಮಾತಾಡಿಕೊಳ್ಳಿ. ಮೊದಲು ಅಲ್ಲಿಗೇ ಹೋಗಿ ‘ಬಂದ್ವಿ ಮಗಳೇ’ ಅನ್ನುವವರೂ ಇದ್ದಾರೆ, ಮರುದಿನ ಬೆಳಗ್ಗೆ ಹೋಗುವವರೂ ಇದ್ದಾರೆ. ಯಾವುದಾದರೂ ಸರಿ, ಮೊದಲೇ ಗೊತ್ತಿರಲಿ. ಹೊರಡುವ ದಿನಾಂಕ ನೋಡುವಾಗ ಅವಳ ಹುಟ್ಟುಹಬ್ಬ ಮತ್ತು ಅವಳು ಹೋದ ದಿನ ಎರಡನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಳ್ಳಿ. ವಾಪಸ್ ಬರುವ ವಾರಕ್ಕೆ ಅವು ಬೀಳದ ಹಾಗೆ ಟಿಕೆಟ್ ಮಾಡಿಸಿ.